ಹೊಳವಿಗೆ ಕಾಯದ ಮಾತು

ಮೇಗರವಳ್ಳಿಯ ಆ ಕೋಣೆಯಲ್ಲಿ ನನಗೆ ಮೊದಲು ಕೇಳಿಸಿದ್ದು ಲೋಟದಲ್ಲಿ ಚಮಚ ತಿರುಗಿದ ಸದ್ದು ಎಂದು ನನ್ನ ನೆನಪು. ಅದೇ ದಿನದ ದಿನಚರಿಯಲ್ಲಿ ಮಾತ್ರ ಗೋಡೆ ಗಡಿಯಾರದ ಸದ್ದು ಎಂದು ಬರೆದುಕೊಂಡಿದ್ದೇನೆ. ಎರಡರಲ್ಲಿ ಒಂದನ್ನು ನಾನೇ ಆಮೇಲೆ ಸೇರಿಸಿಕೊಂಡಿರಬೇಕು. ಯಾವುದೆಂದು ಈಗ ಹೇಳಲಾರೆ. ಸಂಶಯವಿಲ್ಲದ್ದು ಇಷ್ಟು: ಆಗುಂಬೆ ಕಡೆಯಿಂದ ಬಂದ ಮಳೆ ಹೊರಗೆ ಅಂಗಳವೇ ಕಾಣದಂತೆ ಸುರಿಯುತ್ತಿತ್ತು, ನಮ್ಮ ತಲೆಯ ಮೇಲೆ ಇದ್ದದ್ದು ತಗಡಿನ ಶೀಟಿನ ಮಾಡು, ಆದರೂ ಅಷ್ಟು ಸಣ್ಣ ಸದ್ದೊಂದು ನನ್ನ ಕಿವಿಗೆ ಬಿತ್ತು.

ಹೋದ ವರ್ಷದ ಮಾತು. ಉಡುಪಿಯಲ್ಲಿ ವಿಚಾರ ಸಂಕಿರಣ ಮುಗಿಸಿ ಕಾಲೇಜಿನ ನಾವು ಕೆಲವರು ಘಟ್ಟ ಹತ್ತಿ ಸಾಗರಕ್ಕೆ ಹಿಂದಿರುಗುತ್ತಿದ್ದೆವು. ಜೊತೆಗಿದ್ದ ಅಧ್ಯಾಪಕಿಯೊಬ್ಬರ ಅಣ್ಣ ಮೇಗರವಳ್ಳಿಯಲ್ಲಿ ಹೋಂಸ್ಟೇ ನಡೆಸುತ್ತಾರೆ. ಊಟ ಅಲ್ಲೇ ಎಂದು ಮೊದಲೇ ಮಾತಾಗಿತ್ತು. ಕಾರಿನಿಂದ ಇಳಿದು ಜಗಲಿಗೆ ಓಡುವಷ್ಟರಲ್ಲಿ ಎಲ್ಲರೂ ಒದ್ದೆ. ಜಗಲಿಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಒಳಗೆ ಕಾಲಿಟ್ಟೆವು, ಬಾಗಿಲು ಮುಚ್ಚಿತು, ಮಳೆ ದೂರ ಹೋಯಿತು. ಹೋಯಿತು ಎನ್ನುವುದು ತಪ್ಪು. ಕಿಟಕಿಯ ಗಾಜಿನಾಚೆ ಅದು ಹಾಗೇ ಬೀಳುತ್ತಿತ್ತು. ಅದರ ಸದ್ದನ್ನು ಮಾತ್ರ ಯಾರೋ ಹೊರಗೇ ನಿಲ್ಲಿಸಿದ್ದರು.

ನಾನು ಕತ್ತೆತ್ತಿ ನೋಡಿದೆ. ಶೀಟು ಕಾಣಲಿಲ್ಲ. ಅದರ ಅಡಿಗೆ ಕೆನೆ ಬಣ್ಣದ, ಉಬ್ಬುತಗ್ಗಾದ ಏನೋ ಒಂದು ಒತ್ತಾಗಿ ಅಂಟಿಕೊಂಡಿತ್ತು. ಹುಳಿ ಬಂದ ದೋಸೆಹಿಟ್ಟು ಪಾತ್ರೆ ಮೀರಿ ಉಕ್ಕಿ, ಉಕ್ಕಿದಲ್ಲೇ ಗಟ್ಟಿಯಾದ ಹಾಗೆ.

"ಎಂತ ಮೇಡಂ, ಮೇಲೆ ಮಂಗ ಕಂಡ್ತಾ?" ಅಂದರು ಮನೆಯ ಯಜಮಾನರು.

"ಸದ್ದೆಲ್ಲಿ ಹೋಯ್ತು?"

"ಫೋಮು. ಘಟ್ಟದ ಕೆಳಗಿನೋರು ಬಂದು ಹೊಡ್ದು ಹೋದ್ರು. ಸೆಕೆಗೆ ಅಂತ ಹೊಡ್ಸಿದ್ದು ನಾನು. ಸದ್ದನ್ನೂ ತಿಂತದೆ ಅಂತ ಮಳೆಗಾಲ ಬಂದ್ಮೇಲೆ ಗೊತ್ತಾಯ್ತು."

ಉಳಿದವರು ಊಟಕ್ಕೆ ಕುಳಿತರು. ನಾನು ಮಾತ್ರ ಮೇಲೆ ನೋಡುತ್ತಲೇ ಉಂಡೆ. ಏನು ಉಂಡೆನೋ ನೆನಪಿಲ್ಲ, ದಿನಚರಿಯೂ ಹೇಳುವುದಿಲ್ಲ. ಸಾಗರದ ನಮ್ಮ ಮನೆಯಲ್ಲಿ ಅದೇ ಹೊತ್ತಿಗೆ ಅದೇ ಮಳೆಯ ಕೆಳಗೆ ಅಪ್ಪ ಮಲಗಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಅಪ್ಪನಿಗೆ ಅದರ ಹಿಂದಿನ ಚಳಿಗಾಲದಲ್ಲಿ ಸ್ಟ್ರೋಕ್ ಆಗಿತ್ತು. ಬಲಗೈ ಬಲಗಾಲು ಸೋತವು. ಕಾಲು ನಿಧಾನಕ್ಕೆ ಸ್ವಲ್ಪ ಬಂತು. ಮಾತು ಮಾತ್ರ ಎಲ್ಲೋ ಹೂತುಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಹೇಳಬೇಕಾದದ್ದೂ ಒಳಗೆ ಇತ್ತು. ಬಾಯಿಗೆ ಬರುವ ದಾರಿ ತಪ್ಪಿತ್ತು. ಯಾವಾಗಲೋ ಒಮ್ಮೆ ಒಂದು ಪದ ಹೊರಬೀಳುತ್ತಿತ್ತು. ದನಿ ಎಷ್ಟು ಸಣ್ಣದೆಂದರೆ ಪಕ್ಕದಲ್ಲೇ ಇದ್ದವರಿಗೆ ಸಿಕ್ಕರೆ ಸಿಕ್ಕಿತು.

ಹೊಸನಗರದಲ್ಲಿ ಹಿಟ್ಟಿನ ಮಿಲ್ಲು ನಡೆಸಿದ ಮನುಷ್ಯ ಅವರು. ಬೆಲ್ಟು ತಿರುಗುವ ಸದ್ದಿನ ನಡುವೆ ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಬಸ್‌ಸ್ಟ್ಯಾಂಡಿಗೆ ಕೇಳಬೇಕು ಹಾಗೆ. ಆ ಗಂಟಲಿನಲ್ಲಿ ಈಗ ಉಳಿದದ್ದು ದಾರದೆಳೆಯಷ್ಟು ದನಿ.

ನಮ್ಮ ಮನೆ ಸಾಗರದ ಅಂಚಿನ ಬಡಾವಣೆಯಲ್ಲಿದೆ. ಇರುವವರು ಅಪ್ಪ, ನಾನು, ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಇದ್ದಾಳೆ. ಅಮ್ಮ ಇಲ್ಲದ ಮನೆಗೆ ಅವಳೇ ದಿಕ್ಕು. ಮೊದಲು ಹೆಂಚಿನ ಮಾಡು ಇತ್ತು. ಮಂಗಗಳು ಬಂದು ಹಾರಿ ಹೆಂಚು ಒಡೆದವು, ಬದಲಾಯಿಸಿದೆವು, ಮತ್ತೆ ಒಡೆದವು. ಬೀದಿಯ ಎಲ್ಲರೂ ಶೀಟು ಹಾಕಿಸಿದರು, ನಾವೂ ಹಾಕಿಸಿದೆವು. ಮಂಗನ ಕಾಟ ತಪ್ಪಿತು. ಅದರ ಬದಲು ಬೇಸಿಗೆಯಲ್ಲಿ ಕಾದ ಕಾವಲಿಯ ಕೆಳಗೆ ಕೂತ ಹಾಗೆ. ಮಳೆಗಾಲದ ಬೆಳಗಿನ ಹೊತ್ತು ಶೀಟಿನ ಒಳಮೈ ಬೆವರಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಮಳೆ ಬಿದ್ದರಂತೂ ತಲೆಯ ಮೇಲೆ ಲಾರಿಗಟ್ಟಲೆ ಜಲ್ಲಿ ಸುರಿದ ಹಾಗೆ.

ಶೀಟಿನ ಮನೆಗಳಲ್ಲಿ ಹೊಳವಿಗೆ ಕಾಯುವುದು ರೂಢಿ. ಎರಡು ಮಳೆಗಳ ನಡುವೆ ಆಕಾಶ ಒಂದಿಷ್ಟು ಬಿಟ್ಟುಕೊಡುವ ಹೊತ್ತೇ ಹೊಳವು. ಮಳೆ ಜೋರಾಗಿದ್ದಾಗ ಯಾರೂ ಮಾತಾಡುವುದಿಲ್ಲ. ಅನ್ನ ಬೇಕಾದರೆ ತಟ್ಟೆ ತೋರಿಸುವುದು, ನೀರಾದರೆ ಹೆಬ್ಬೆರಳು. ಹೇಳಬೇಕಾದ ಸುದ್ದಿಯೆಲ್ಲ ಹೊಳವಿನವರೆಗೆ ತಡೆದಿಟ್ಟುಕೊಳ್ಳುವುದು. ಮಳೆ ಸಣ್ಣದಾದ ಕೂಡಲೇ ಮನೆಮನೆಯಿಂದಲೂ ಒಮ್ಮೆಲೇ ಮಾತು ಏಳುತ್ತದೆ. ಜಗಳವೂ ಅಷ್ಟೇ. ನಮ್ಮ ಪಕ್ಕದ ಮನೆಯ ಗಂಡಹೆಂಡಿರು ಮಳೆ ಬಂದ ಕಡೆ ಜಗಳ ನಿಲ್ಲಿಸಿ, ಹೊಳವಾದಾಗ ನಿಲ್ಲಿಸಿದಲ್ಲಿಂದ ಶುರುಮಾಡುತ್ತಾರೆ. ಅತ್ತೆಗೆ ಒಂದು ಕಥೆಯಿದೆ, ಮಿಲ್ಲಿನ ಹಿಟ್ಟಿನ ಡಬ್ಬಕ್ಕೆ ಮಂಗ ಬಿದ್ದದ್ದು. ಅವಳು ಅದನ್ನು ನನ್ನ ಚಿಕ್ಕಂದಿನಿಂದ, ನಾವು ಹೊಸನಗರದ ಶೀಟಿನ ಮನೆಯಲ್ಲಿದ್ದಾಗಿನಿಂದ, ಹೇಳುತ್ತಾ ಬಂದಿದ್ದಾಳೆ. ಮಂಗ ಡಬ್ಬದ ಬಾಯಿಗೆ ಹತ್ತುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯುತ್ತದೆ. ಅದು ಬಿದ್ದದ್ದನ್ನು ನಾನು ಪೂರ್ತಿಯಾಗಿ ಕೇಳಿದ ನೆನಪಿಲ್ಲ. ಕೇಳಿ ಮರೆತಿರಲೂಬಹುದು.

ಆರೋಗ್ಯವಂತರ ಮಾತು ಹೊಳವಿಗೆ ಕಾಯುತ್ತದೆ. ಅಪ್ಪನದು ಕಾಯುವುದಿಲ್ಲ. ಅದು ಬಂದಾಗ ಬಂತು. ಮಳೆಯ ನಡುವೆ ಅವರ ತುಟಿ ಅಲುಗುತ್ತಿತ್ತು, ಕತ್ತಿನ ನರ ಬಿಗಿಯುತ್ತಿತ್ತು, ಒಂದು ಪದ ಹೊರಬರುತ್ತಿತ್ತು. ಅದು ಏನೆಂದು ನಮಗೆ ಕೇಳುತ್ತಿರಲಿಲ್ಲ. ಅತ್ತೆ ಕಿವಿಯನ್ನು ಅವರ ಬಾಯಿಗೆ ತಂದು, "ಎಂತ ಅಣ್ಣ? ಇನ್ನೊಂದ್ಸಲ ಹೇಳು" ಎಂದು ಕೂಗುತ್ತಿದ್ದಳು. ಇನ್ನೊಂದು ಸಲಕ್ಕೆ ಆ ಪದ ಇರುತ್ತಿರಲಿಲ್ಲ. ಅಪ್ಪ ಎಡಗೈ ಬೀಸಿ ಬಿಟ್ಟುಬಿಡುತ್ತಿದ್ದರು. ಆಷಾಢ ಕಳೆಯುವ ಹೊತ್ತಿಗೆ ಪ್ರಯತ್ನಿಸುವುದನ್ನೇ ನಿಲ್ಲಿಸಿದರು. ಬೇಕಾದ್ದಕ್ಕೆ ಕೈ ತೋರಿಸುತ್ತಿದ್ದರು, ಗೋಡೆ ನೋಡುತ್ತಿದ್ದರು.

ಮಳೆಗಾಲ ಮುಗಿದ ಮೇಲೆ ಅವರನ್ನು ತೀರ್ಥಹಳ್ಳಿಗೆ ಕರೆದುಕೊಂಡು ಹೋದೆವು. ಅಲ್ಲಿ ಮಾತಿನ ತರಬೇತಿ ಕೊಡುವ ಹೆಣ್ಣುಮಗಳೊಬ್ಬಳಿದ್ದಾಳೆ. ಬೇಸಿಗೆಯಲ್ಲಿ ಅಪ್ಪ ಅವಳೆದುರು ಕೆಲವು ಪದ ಹೇಳಿದ್ದರು. ಈಗ ಚಿತ್ರದ ಹಾಳೆ ಹಿಡಿದು "ಇದೆಂತ ಅಜ್ಜ?" ಎಂದರೆ ಚಿತ್ರಕ್ಕೆ ಬೆರಳಿಟ್ಟರು, ಅಷ್ಟೇ. ಆಕೆ ನನ್ನನ್ನು ಹೊರಗೆ ಕರೆದಳು.

"ಮಳೆಗಾಲದಲ್ಲಿ ಹಿಂದೆ ಹೋಗಿದಾರೆ ಮೇಡಂ. ಇವರಿಗೆ ಮಾತು ಬಂದಾಗ ಕೇಳಿಸ್ಕೊಳ್ಳೋರು ಬೇಕು. ಹೇಳಿದ್ದು ತಲುಪ್ತು ಅಂತ ಅವರಿಗೇ ಗೊತ್ತಾಗ್ಬೇಕು. ಇನ್ನೊಂದು ಮಳೆಗಾಲ ಹೀಗೇ ಹೋಯ್ತು ಅಂದ್ರೆ ಕೈಸನ್ನೆಗೇ ಹೊಂದ್ಕೊಂಡ್ಬಿಡ್ತಾರೆ. ಆಮೇಲೆ ಕಷ್ಟ."

ತೀರ್ಥಹಳ್ಳಿಯಿಂದ ಬರುವಾಗ ಕಾರಿನಲ್ಲಿ ನನಗೆ ಮೇಗರವಳ್ಳಿಯ ಚಮಚ ಕೇಳಿಸಿತು. ಗಡಿಯಾರವಾದರೆ ಗಡಿಯಾರ.

ನಮ್ಮ ಮಾಡಿಗೂ ಫೋಮು ಹೊಡೆಸುತ್ತೇನೆ ಎಂದರೆ ಅತ್ತೆ ಒಪ್ಪಲಿಲ್ಲ. ಫೋಮು ಹೊಡೆಯುವವನು ಬೇಸಿಗೆಯಲ್ಲಿ ಮನೆ ನೋಡಲು ಬಂದ ದಿನ ಅವಳು ಅವನನ್ನು ಅಡಿಗೆಮನೆಯ ಬಾಗಿಲಲ್ಲೇ ತಡೆದಳು. ಅವನು ಕುಂದಾಪುರದ ಕಡೆಯವನು, ಮೀನಿನ ಐಸ್ ಪ್ಲಾಂಟುಗಳಿಗೆ ಇದನ್ನೇ ಹೊಡೆದು ಕೈ ಪಳಗಿದವನು. ಗೋಡೆಯ ತಲೆಗೂ ಶೀಟಿಗೂ ನಡುವೆ ಒಂದು ಗೇಣು ಸಂದು ಬಿಡುವುದು ನಮ್ಮ ಕಡೆಯ ಪದ್ಧತಿ. ಹೊಗೆ ಹೋಗಲಿ, ಗಾಳಿ ಆಡಲಿ ಎಂದು. ಅವನು ಆ ಸಂದನ್ನೂ ಮುಚ್ಚಬೇಕು ಎಂದ.

"ಅದನ್ನ ಮುಚ್ಚೂದಾ? ಒಳಗಿದ್ದೋರಿಗೆ ಉಸಿರು ಬೇಡ್ವನಾ?" ಎಂದಳು ಅತ್ತೆ.

"ಉಸಿರಿಗೆ ಕಿಟಕಿ ಉಂಟಲ್ಲ ಅಮ್ಮ. ಒಳಗಿನ ಗಾಳಿ ಹೊರಗೆ ಎಳೀಲಿಕ್ಕೆ ಒಂದು ಫ್ಯಾನೂ ಕೂರಿಸುವ. ಮಾಡಿನ ಸಂದಿಯಲ್ಲಿ ಉಸಿರಾಡ್ಲಿಕ್ಕೆ ನೀವೆಂತ ಹಲ್ಲಿಯಾ?"

ಅತ್ತೆಗೆ ನಗು ಬಂತು, ತೋರಿಸಲಿಲ್ಲ. "ಬಾಯಿ ಜೋರುಂಟು ಇವನಿಗೆ" ಅಂದಳು ನನ್ನ ಕಡೆ ತಿರುಗಿ.

ಅವನು ಫ್ರಿಜ್ಜಿನಿಂದ ತಣ್ಣೀರಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ಬಾಟಲಿಯ ಮೈ ಬೆವರಿತು. "ನಿಮ್ಮ ಶೀಟೂ ಇದೇ" ಎಂದ. ಮಳೆ ಬಿದ್ದು ಶೀಟು ತಣ್ಣಗಾಗುತ್ತದೆ, ಒಳಗಿನ ಸೆಕೆಯ ತೇವದ ಗಾಳಿ ಹೋಗಿ ಅದಕ್ಕೆ ತಾಗುತ್ತದೆ, ನೀರಾಗುತ್ತದೆ. ಫೋಮು ಶೀಟಿಗೆ ಚರ್ಮದಂತೆ ಹತ್ತಿಕೊಂಡರೆ ಗಾಳಿಗೆ ಶೀಟು ಸಿಗುವುದೇ ಇಲ್ಲ. ಒಂದು ಬೆರಳಷ್ಟು ಬಿಟ್ಟರೂ ಅಲ್ಲಿ ಬೆವರು, ಅಲ್ಲಿಂದಲೇ ಸದ್ದು. "ಬಿಡುದಾದ್ರೆ ಹೊಡೀಲೇ ಬೇಡಿ" ಎಂದ. ಬೆಂಕಿಗೆ ಮಾತ್ರ ಇದು ಆಗುವುದಿಲ್ಲ, ಅಡಿಗೆಮನೆಯ ಮೇಲೆ ಫೋಮಿನ ಕೆಳಗೆ ಸಿಮೆಂಟ್ ಬೋರ್ಡು ಹಾಕಲೇಬೇಕು, ಸೌದೆ ಒಲೆ ಬಚ್ಚಲಲ್ಲೇ ಇರಲಿ ಎಂದೂ ಹೇಳಿದ.

ಬಾಟಲಿ ನೋಡಿ ಅತ್ತೆ ಒಪ್ಪಿದಳು ಎಂದು ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಈಗ ಯೋಚಿಸಿದರೆ ಹಾಗಲ್ಲ. ಅಪ್ಪ ಆ ಬಾಟಲಿಯನ್ನೇ ನೋಡುತ್ತಾ ಮಂಚದ ಮೇಲೆ ಕೂತಿದ್ದರು. ಅತ್ತೆ ಅವರನ್ನು ನೋಡುತ್ತಿದ್ದಳು. "ಮಾಡ್ಸು ಹಂಗಾರೆ" ಎಂದದ್ದು ಆಮೇಲೆ.

ಶೀಟಿನ ಒಳಮೈ ಒಣಗಿರದೆ ಫೋಮು ಹಿಡಿಯುವುದಿಲ್ಲ. ಮೇ ತಿಂಗಳಲ್ಲಿ ಅವನು ಬರಬೇಕಿದ್ದ ಹೊತ್ತಿಗೆ ಸರಿಯಾಗಿ ಸಂಜೆ ಸಂಜೆ ಗುಡುಗುಮಳೆ. ಬೆಳಗಾದರೆ ಶೀಟು ಬೆವರಿರುತ್ತಿತ್ತು. ಅವನು ಫೋನಿನಲ್ಲಿ "ಇವತ್ತು ಬೇಡ ಅಕ್ಕ, ನಾಳೆ ಕಾಂಬ" ಎನ್ನುತ್ತಿದ್ದ. ನಾನು ದಿನಾ ಏಣಿ ಹತ್ತಿ ಶೀಟಿಗೆ ಅಂಗೈ ಒತ್ತಿ ನೋಡುತ್ತಿದ್ದೆ. ಮಳೆಗಾಲ ಹತ್ತಿರ ಬರುತ್ತಿತ್ತು. ಈ ವರ್ಷ ಹೊಡೆಯದಿದ್ದರೆ ಅಪ್ಪನ ಮಾತಿಗೆ ಮುಂದಿನ ವರ್ಷ ಎಂಬುದು ಇಲ್ಲ ಎಂದು ನನಗೆ ಅನ್ನಿಸಿಬಿಟ್ಟಿತ್ತು. ಅದು ಅಷ್ಟು ಖಂಡಿತವಿತ್ತೋ, ನನ್ನ ಹೆದರಿಕೆಯೋ, ಗೊತ್ತಿಲ್ಲ.

ಕೊನೆಗೆ ಬಿಸಿಲು ಬಿಟ್ಟಿತು. ಅವನ ಪಿಕಪ್ ಗಾಡಿ ಬಂದು ಅಂಗಳದಲ್ಲಿ ನಿಂತಿತು. ಅದರಲ್ಲಿ ಎರಡು ದೊಡ್ಡ ಡ್ರಮ್ಮು, ಒಂದು ಯಂತ್ರ, ಹೆಬ್ಬಾವಿನಷ್ಟು ದಪ್ಪದ ಪೈಪಿನ ಸುರುಳಿ. ಒಂದು ಡ್ರಮ್ಮಿನ ದ್ರವಕ್ಕೂ ಇನ್ನೊಂದರ ದ್ರವಕ್ಕೂ ಪೈಪಿನ ತುದಿಯಲ್ಲಿ ಮಾತ್ರ ಭೇಟಿ. ಅವನು ಮೈಪೂರ್ತಿ ಬಿಳಿ ಕವಚ ತೊಟ್ಟು, ಮುಖಕ್ಕೆ ಗಾಳಿಯ ಮುಸುಕು ಹಾಕಿಕೊಂಡು ಒಳಗೆ ಹೋದ. ನಾವು ಯಾರೂ ಒಳಗೆ ಬರಕೂಡದು, ಘಾಟು ಹೋಗುವವರೆಗೆ ಮನೆಯಲ್ಲಿ ಮಲಗಕೂಡದು ಎಂದು ಮೊದಲೇ ಹೇಳಿದ್ದ. ಅತ್ತೆ ಮತ್ತು ಅಪ್ಪ ಹೊಸನಗರಕ್ಕೆ ಹೊರಡಲು ಕಾರಿನಲ್ಲಿ ಕೂತಿದ್ದರು. ನಾನು ಅಂಗಳದ ಕಡೆಯ ಕಿಟಕಿಯ ಗಾಜಿಗೆ ಮೂಗು ಒತ್ತಿ ನೋಡಿದೆ.

ಪೈಪಿನ ತುದಿಯಿಂದ ಮಂಜಿನಂತೆ ಹೊರಟದ್ದು ಶೀಟಿಗೆ ತಾಗಿ, ಒಂದು ಗಳಿಗೆ ತೆಳುವಾದ ಬಣ್ಣ ಬಳಿದ ಹಾಗೆ ಇತ್ತು. ಆಮೇಲೆ ಅದು ಎದ್ದಿತು. ಯಾರೂ ಮುಟ್ಟದೆ, ಒಳಗಿನಿಂದಲೇ ಉಸಿರು ತುಂಬಿಕೊಂಡ ಹಾಗೆ ಉಬ್ಬಿತು, ಮಡಿಕೆ ಬಿತ್ತು, ಪಕ್ಕದ ಉಬ್ಬನ್ನು ಸೇರಿತು, ನಿಂತಿತು. ನಿಂತದ್ದು ಕಲ್ಲಿನ ಹಾಗೆ ನಿಂತಿತು. ಗೋಡೆಯ ತಲೆಯ ಸಂದಿಯಲ್ಲಿ ಆಕಾಶದ ಒಂದು ಪಟ್ಟಿ ಇತ್ತು. ಅದು ಕಣ್ಣೆದುರೇ ಕಿರಿದಾಗುತ್ತಾ ಬಂದು ಒಂದು ಗೆರೆಯಾಗಿ, ಇಲ್ಲವಾಯಿತು. ರಸಾಯನಶಾಸ್ತ್ರ ನನಗೂ ಅಷ್ಟಿಷ್ಟು ಗೊತ್ತು. ಗುಳ್ಳೆಗಳು, ಅವುಗಳಲ್ಲಿ ಅನಿಲ, ಎಲ್ಲ ಹೇಳಬಲ್ಲೆ. ಹೇಳಿದರೂ ಆ ಬೆರಗು ಕಡಿಮೆಯಾಗಲಿಲ್ಲ. ದೇವರ ಕೋಣೆಯ ಬಾಗಿಲಲ್ಲಿ ನಿಂತವಳ ಹಾಗೆ ನಾನು ಕೈ ಕಟ್ಟಿಕೊಂಡು ನಿಂತಿದ್ದೆನಂತೆ. ಇದು ಅತ್ತೆ ಹೇಳಿದ್ದು. ಕಾರಿನ ಹಾರನ್ ಹೊಡೆದು ಹೊಡೆದು ಅವಳಿಗೆ ಸಾಕಾಗಿತ್ತು.

ಹೊಸನಗರದ ಮಿಲ್ಲನ್ನು ಈಗ ನನ್ನ ದೊಡ್ಡಪ್ಪನ ಮಗ ನಡೆಸುತ್ತಾನೆ. ಅದರ ಹಿಂದಿನ ಮನೆಯಲ್ಲಿ ನಾವು ಉಳಿದುಕೊಂಡೆವು. ಬೆಳಿಗ್ಗೆ ಅಪ್ಪನನ್ನು ಮಿಲ್ಲಿನ ಬೆಂಚಿನ ಮೇಲೆ ಕೂರಿಸಿದ್ದೆವು. ಅಕ್ಕಿ ಹಿಟ್ಟು ಮಾಡಿಸಲು ಒಬ್ಬ ಹೆಂಗಸು ಬಂದಳು. ಯಂತ್ರ ಹೊರಟಿತು. ಅಪ್ಪ ಬೀಳುತ್ತಿದ್ದ ಹಿಟ್ಟನ್ನು ನೋಡಿದರು, ಎಡಗೈ ಎತ್ತಿ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದರು. ತರಿಯಾಯಿತು, ನುಣ್ಣಗೆ ಮಾಡು ಎಂದು. ದೊಡ್ಡಪ್ಪನ ಮಗ ತಲೆಯಾಡಿಸಿ ಕಲ್ಲು ಬಿಗಿಮಾಡಿದ. ಅಪ್ಪ ಅಂಗೈ ಮಗುಚಿದರು. ಸಾಕು. ಹೆಂಗಸು ಏನೋ ಕೇಳಿದಳು, ಅಪ್ಪ ಹುಬ್ಬು ಹಾರಿಸಿ ಉತ್ತರ ಕೊಟ್ಟರು, ಅವಳು ನಕ್ಕಳು. ಆ ಸದ್ದಿನಲ್ಲಿ ಅಪ್ಪನಿಗೆ ಯಾವ ಕೊರತೆಯೂ ಇರಲಿಲ್ಲ. ಅಲ್ಲಿದ್ದ ಎಲ್ಲರೂ ಅವರಷ್ಟೇ ಮೂಗರು. ಸ್ಟ್ರೋಕ್ ಆದ ಮೇಲೆ ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

ನನಗೆ ಸಂತೋಷವಾಯಿತು. ಅದರ ಬೆನ್ನಿಗೇ ಒಂದು ಸಂಶಯ. ಮಾತಿಲ್ಲದೆಯೂ ಇವರು ಸುಖವಾಗಿರಬಲ್ಲರು. ನಾವು ಮನೆಗೆ ತರುತ್ತಿರುವ ಮೌನ ಇವರಿಗೆ ಬೇಕೇ ಎಂದು ಯಾರು ಕೇಳಿದ್ದರು?

ಅತ್ತೆಯ ಹತ್ತಿರ ಹಾಗಂದೆ.

"ಸಾಕು ಸುಮ್ನಿರು ಮಾರಾಯ್ತಿ. ಓದಿದ್ದು ಹೆಚ್ಚಾಯ್ತು ನಿಂಗೆ" ಎಂದಳು. "ಅಣ್ಣ ಮಿಲ್ಲಿಂದ ಮನೆಗೆ ಬಂದು ಮಾತಾಡಿದ್ದಕ್ಕೆ ಲೆಕ್ಕ ಉಂಟಾ? ಇಲ್ಲಿ ಕೈ, ಮನೇಲಿ ಬಾಯಿ."

ಸಾಗರಕ್ಕೆ ಹಿಂದಿರುಗಿದಾಗ ಮನೆಯೊಳಗೆ ಸ್ವಲ್ಪ ಘಾಟು ಉಳಿದಿತ್ತು. ಕಿಟಕಿಗಳನ್ನು ತೆಗೆದು ಫ್ಯಾನು ಹಾಕಿದೆವು. ಹೊರಗೆ ಮಧ್ಯಾಹ್ನದ ಬಿಸಿಲು ಶೀಟನ್ನು ಬಡಿಯುತ್ತಿತ್ತು. ಒಳಗೆ, ದೊಡ್ಡ ಮಾವಿನ ಮರದ ಕೆಳಗಿನ ತಂಪು. ಅತ್ತೆ ಕೈ ಮೇಲೆತ್ತಿ ಗಾಳಿಯಲ್ಲಿ ಬಿಸಿಯನ್ನು ಹುಡುಕಿದಳು. ಸಿಗಲಿಲ್ಲ. ಅಪ್ಪನ ಮಂಚ ಇದ್ದ ಜಾಗದ ಮೇಲೆಯೇ ಫ್ಯಾನು ಕೂರಿಸಿದ್ದರಿಂದ ಮಂಚವನ್ನು ಒಳಗಿನ ಗೋಡೆಗೆ ಸರಿಸಿದೆವು. ಎಡಮಗ್ಗುಲಿಗೆ ಮಲಗಿದರೆ ಅವರಿಗೆ ಗೋಡೆ ಕಾಣುತ್ತದೆ, ಕಿಟಕಿ ಬೆನ್ನಿಗೆ ಬೀಳುತ್ತದೆ.

ಮೃಗಶಿರ ಮಳೆ ಹಿಡಿದ ದಿನ ನಾವು ಮೂವರೂ ಆ ಕೋಣೆಯಲ್ಲೇ ಇದ್ದೆವು. ಕಿಟಕಿಯಾಚೆಯ ಪೇರಲೆ ಮರ ಮೊದಲು ಮಸುಕಾಗಿ, ಆಮೇಲೆ ಕಾಣೆಯಾಯಿತು. ರೂಢಿಯಂತೆ ನನ್ನ ಹೆಗಲು ಬಿಗಿದುಕೊಂಡಿತು, ಇನ್ನೇನು ಜಲ್ಲಿ ಸುರಿಯುತ್ತದೆ ಎಂದು. ಸುರಿಯಲಿಲ್ಲ. ಎಲ್ಲೋ ಬಹಳ ಮೇಲೆ, ಯಾರೋ ಅಕ್ಕಿ ಕೇರುತ್ತಿರುವಷ್ಟು ಒಂದು ಗುಸುಗುಸು. ಅದರ ಕೆಳಗೆ ಫ್ರಿಜ್ಜಿನ ಗುಂಯ್, ಅತ್ತೆಯ ಬಳೆ, ಹಲ್ಲಿ ಲೊಚಗುಟ್ಟಿದ್ದು. ಆಮೇಲೆ ಅಪ್ಪನ ಉಸಿರು. ಮಳೆಗಾಲದಲ್ಲಿ ನಾನು ಅಪ್ಪನ ಉಸಿರನ್ನು ಕೇಳಿದ್ದು ಅದೇ ಮೊದಲು. ಬರುತ್ತಿತ್ತು, ಹೋಗುತ್ತಿತ್ತು. ಆಕಾಶವೇ ಬೀಳುತ್ತಿದ್ದರೂ ಅದು ತನ್ನ ಪಾಡಿಗೆ ಬರುತ್ತಿತ್ತು, ಹೋಗುತ್ತಿತ್ತು. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಮೇಲೆ ನೋಡುತ್ತಿದ್ದಳು. ನಮ್ಮಿಬ್ಬರ ಕಣ್ಣೂ ಒದ್ದೆಯಾಗಿತ್ತು ಎಂದು ದಿನಚರಿಯಲ್ಲಿದೆ. ಅತ್ತೆ ಒಪ್ಪುವುದಿಲ್ಲ.

ಅಪ್ಪ ಮಾತಾಡಲಿಲ್ಲ. ಅಂದು ಇಲ್ಲ, ಮರುದಿನವೂ ಇಲ್ಲ. ಮೃಗಶಿರ ಕಳೆದು ಆರಿದ್ರಾ ಬಂತು. ಕೋಣೆಯಲ್ಲಿ ಚಮಚದ ಸದ್ದೂ ಗಡಿಯಾರದ ಸದ್ದೂ ಕೇಳುತ್ತಿತ್ತು, ಅಪ್ಪನ ಮಾತು ಕೇಳಲಿಲ್ಲ. ಹಿಂದಿನ ಮಳೆಗಾಲದಲ್ಲೇ ತಡವಾಯಿತೇನೋ ಎಂದುಕೊಂಡೆ. ಮಿಲ್ಲಿನ ಬೆಂಚಿನ ಮೇಲೆ ಅರಳಿದ ಅವರ ಮುಖ ನೆನಪಾಗುತ್ತಿತ್ತು.

ಆರಿದ್ರಾದ ಒಂದು ಭಾನುವಾರ ಊಟವಾಗಿತ್ತು. ಅಪ್ಪ ಗೋಡೆಗೆ ಮುಖಮಾಡಿ ಮಲಗಿದ್ದರು. ಅತ್ತೆ ನೆಲದ ಮೇಲೆ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಹೊರಗೆ ಪೇರಲೆ ಮರ ಮತ್ತೆ ಇಲ್ಲವಾಗಿತ್ತು. ಅತ್ತೆ ನನ್ನ ಕಡೆ ನೋಡಿ ಗಾಳಿಯಲ್ಲಿ ಕೊಯ್ಯುವ ಹಾಗೆ ಕೈಯಾಡಿಸಿದಳು. ಚಾಕು ಕೊಡು ಎಂದು. ನಾನು ಎದ್ದು ಚಾಕು ತಂದುಕೊಟ್ಟೆ. ಅವಳು ಬೆರಳಿನಿಂದ ಇನ್ನೂ ಏನೋ ಸುತ್ತು ಬರೆದಳು. ಬಟ್ಟಲು. ಅದನ್ನೂ ತಂದೆ.

"ಹೊಳ… ವಾಯ್ತಾ?"

ಗೋಡೆಯ ಕಡೆಯಿಂದ ಬಂದ ಮಾತು. ಸಣ್ಣ ದನಿ, ನಡುವೆ ಒಂದು ತಡೆ. ಆದರೆ ಪೂರ್ತಿ.

ನಾವಿಬ್ಬರೂ ಇಲ್ಲವೆಂದು ತಲೆಯಾಡಿಸಿದೆವು. ಅತ್ತೆ ಕೈಯನ್ನೂ ಬೀಸಿದಳು. ಗೋಡೆ ನೋಡುತ್ತಿದ್ದ ಮನುಷ್ಯನ ಬೆನ್ನಿಗೆ ನಾವಿಬ್ಬರು ಸನ್ನೆ ಮಾಡುತ್ತಿದ್ದೆವು.

ಅದು ಎಷ್ಟು ಹೊತ್ತು ನಡೆಯಿತೋ. ಮೊದಲು ಎಚ್ಚರವಾದದ್ದು ನನಗೆ ಎಂದು ನನ್ನ ನೆನಪು, ತನಗೆ ಎಂದು ಅತ್ತೆಯದು. ಬಾಯಿ ತೆರೆದದ್ದು ನಾನು.

"ಇಲ್ಲ ಅಪ್ಪ. ಜೋರು ಬರ್ತಾ ಇದೆ."

ಅವರ ಬೆನ್ನು ಏರಿ ಇಳಿಯಿತು.

"ಮತ್ತೆ… ಎಂತಕೆ… ಸುಮ್ನೆ?"

ಮತ್ತೆ ನೀವು ಯಾಕೆ ಸುಮ್ಮನಿದ್ದೀರಿ. ಆಗ ನನಗೆ ಗೊತ್ತಾಯಿತು. ಮಳೆಗಾಲ ಶುರುವಾದಂದಿನಿಂದ ಈ ಕೋಣೆಯಲ್ಲಿ ಮಳೆ ಬರುವಾಗ ನಾವೇ ಮಾತಾಡಿರಲಿಲ್ಲ. ಮಾಡು ಸದ್ದನ್ನು ತಡೆದಿತ್ತು. ಕಿಟಕಿಯಲ್ಲಿ ಮಳೆ ಕಂಡ ಕೂಡಲೇ ನಾವು ಮಾತ್ರ ಬಾಯಿ ಮುಚ್ಚಿ, ಕೈಯೆತ್ತಿ, ಹೊಳವಿಗೆ ಕಾಯುತ್ತಿದ್ದೆವು. ಅಪ್ಪನೂ ನಮ್ಮನ್ನು ನೋಡಿಕೊಂಡೇ ಸನ್ನೆ ಮಾಡುತ್ತಿದ್ದರು. ಮಾತು ಇವರಿಗೆ ಯಾವಾಗ ಬರುತ್ತದೆ ಎಂದು ನಾವು ಇವರ ಬಾಯಿ ಕಾಯುತ್ತಿದ್ದ ಹಾಗೆ, ಮನೆಯಲ್ಲಿ ಮಾತು ಯಾವಾಗ ಶುರುವಾಗುತ್ತದೆ ಎಂದು ಇವರೂ ಕಾದಿರಬೇಕು. ಅವತ್ತು ಮಳೆಯೂ ಕಾಣದೆ, ನಾವೂ ಕಾಣದೆ ಮಲಗಿದ್ದವರಿಗೆ ಮಾತ್ರ ಮನೆ ಇದ್ದ ಹಾಗೆ ಕೇಳಿಸಿತು. ಮಾತಾಡಬಹುದಾದ ಮನೆಯ ಹಾಗೆ.

ಫೋಮಿನಿಂದಲೇ ಮಾತು ಬಂತು ಎಂದು ನಾನು ಹೇಳುವುದಿಲ್ಲ. ಆಮೇಲೆ ತೀರ್ಥಹಳ್ಳಿಯಲ್ಲಿ ಕೇಳಿದಾಗ ಆ ಹೆಣ್ಣುಮಗಳೂ ಹೇಳಲಿಲ್ಲ. "ಬರೋ ಹೊತ್ತು ಬಂದಿರಬಹುದು, ಆದ್ರೆ ಬಂದದ್ದು ಬಿದ್ದುಹೋಗ್ಲಿಲ್ಲ ನೋಡಿ" ಎಂದಳು. ಎಷ್ಟೋ ಪದಗಳು ಹಿಂದಿನ ವರ್ಷ ಆ ತಗಡಿನ ಕೆಳಗೆ ಬಂದು, ಯಾರಿಗೂ ಸಿಗದೆ ಹೋಗಿದ್ದವು. ಅವು ಏನಿದ್ದವೋ ಎಂದು ಈಗಲೂ ಯೋಚಿಸುತ್ತೇನೆ.

ಆ ಮಧ್ಯಾಹ್ನ ಅಲ್ಲಿಗೇ ಮುಗಿಯಲಿಲ್ಲ. ಅತ್ತೆ ಎದ್ದು ಹೋಗಿ ಅಪ್ಪನನ್ನು ನಮ್ಮ ಕಡೆಗೆ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ಈಗ ಅವರಿಗೆ ಕಿಟಕಿ ಕಂಡಿತು. ಬಿಳಿಯ ಗೋಡೆಯಂತೆ ಬೀಳುತ್ತಿದ್ದ ಮಳೆಯನ್ನೂ ಮಾಡನ್ನೂ ಅವರು ಒಂದಾದ ಮೇಲೊಂದು ನೋಡಿದರು. ಮತ್ತೆ ಮಳೆ, ಮತ್ತೆ ಮಾಡು. ನಾನು ಮೇಗರವಳ್ಳಿಯಲ್ಲಿ ನೋಡಿದ ಹಾಗೆಯೇ.

ಅತ್ತೆ ಬೀಜದ ಬುಟ್ಟಿಯ ಮುಂದೆ ಕೂತು ಶುರುಮಾಡಿದಳು. ಏನು ಮಾತಾಡುವುದೆಂದು ಯೋಚಿಸಲೂ ಇಲ್ಲ. ಅವಳ ಹತ್ತಿರ ತಡೆದಿಟ್ಟದ್ದು ಬಹಳವಿತ್ತು. ಪಕ್ಕದ ಮನೆಯ ಜಗಳ, ಹಾಲಿನವನು ನೀರು ಸೇರಿಸುವುದು, ಅಲ್ಲಿಂದ ಹೇಗೋ ಮಿಲ್ಲಿಗೆ ಬಂದಳು. "ಆವಾಗ ಮಿಲ್ಲಿನ ಹಿಂದೆ ಹಲಸಿನಮರ ಇತ್ತಲೆ, ಅಲ್ಲಿಂದ ಒಂದು ಮಂಗ ಬಂತು. ದೊಡ್ಡದು. ಹಿಟ್ಟಿನ ಡಬ್ಬದ ಬಾಯಿಗೆ ಹತ್ತಿ ಕೂತ್ಕಂತು. ನಮ್ಮ ಅಪ್ಪಯ್ಯ ಕೋಲು ತಗಂಡ್ರು."

ನಾನು ಪೆನ್ನು ಕೆಳಗಿಟ್ಟೆ. ನನ್ನ ಬದುಕಿನಲ್ಲಿ ಮಳೆ ಬಂದು ಕಥೆ ನಿಲ್ಲುತ್ತಿದ್ದ ಜಾಗ ಅದೇ. ಕಿಟಕಿಯಾಚೆ ಮಳೆ ಬರುತ್ತಲೇ ಇತ್ತು. ಅತ್ತೆ ನಿಲ್ಲಿಸಲಿಲ್ಲ.

"ಕೋಲು ಕಂಡಿದ್ದೇ ಗಾಬರಿ ಬಿದ್ದು, ಧೊಪ್ ಅಂತ ಒಳಗೇ ಬಿತ್ತು. ಎದ್ದು ಬಂದಾಗ ನೋಡ್ಬೇಕಿತ್ತು, ಬಾಲದ ತುದಿತನ್ಕ ಬಿಳಿ."

ಅಪ್ಪನ ತುಟಿ ಅಲುಗಿತು. ಕತ್ತಿನ ನರ ಬಿಗಿಯಿತು. ಅತ್ತೆ ಕಿವಿ ತರಲಿಲ್ಲ, ಕೂಗಲಿಲ್ಲ. ಕೈಯಲ್ಲಿದ್ದ ಬೀಜ ಹಾಗೇ ಹಿಡಿದುಕೊಂಡು ಕಾದಳು. ಕೋಣೆಯಲ್ಲಿ ಅಕ್ಕಿ ಕೇರುವಷ್ಟೇ ಸದ್ದು.

"ಮಂಗ… ಅಲ್ಲ."

"ಮತ್ತೆಂತದು?"

ಅವರ ಎಡಗೈ ಏಳುತ್ತಾ ಬಂತು. ಅತ್ತೆಯ ಕಡೆ ತೋರಿಸಲು ಹೊರಟ ಕೈ ಅರ್ಧಕ್ಕೆ ನಿಂತು, ಹಾಸಿಗೆಯ ಮೇಲೆ ವಾಪಸು ಇಳಿಯಿತು.

"ನೀನು" ಎಂದರು ಅಪ್ಪ.

ಅತ್ತೆ ಬೀಜವನ್ನು ಬಟ್ಟಲಿಗೆ ಹಾಕಿದಳು. ಅವಳ ಮುಖ ಕೆಂಪಾಗಿತ್ತು. ಯಾರ ನೆನಪು ನಿಜವೋ ನನಗೆ ಇಂದಿಗೂ ತಿಳಿಯದು. ಅವಳು ಇಲ್ಲವೆನ್ನಲಿಲ್ಲ ಎಂಬುದನ್ನು ಮಾತ್ರ ಗುರುತುಮಾಡಿಕೊಂಡಿದ್ದೇನೆ.

"ನೋಡಿದ್ಯಾ ಇವನ್ನ" ಎಂದಳು ನನ್ನ ಕಡೆ ತಿರುಗಿ. "ಬಾಯಿ ಬಂದದ್ದೇ ಈಗ, ಅದೂ ನನ್ನ ಮರ್ಯಾದೆ ತೆಗೀಲಿಕ್ಕೆ."

ಅಪ್ಪ ನಗುತ್ತಿದ್ದರು. ಒಂದೇ ಪಕ್ಕದ ನಗು, ಗಂಟಲಿನಿಂದ ಬಂದ ಒರಟು ಸದ್ದು. ಹೊರಗೆ ಪೇರಲೆ ಮರ ಇನ್ನೂ ಕಾಣುತ್ತಿರಲಿಲ್ಲ. ಆ ಮಳೆಯ ಕೆಳಗೆ ಅವರ ನಗು ನಮಗಿಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು.